ಕುದುರೆಯ ಹೆಸರು ಹೇಳುತ್ತಾರೆ, ಬೆಲೆ ಹೇಳುವುದಿಲ್ಲ

ಯಾರಾದರೂ ನನ್ನ ಕಿವಿಯಲ್ಲಿ ಒಂದು ಕುದುರೆಯ ಹೆಸರು ಉಸುರಿ ‘ಇದು ಖಂಡಿತ’ ಅಂದರೆ ನಾನು ಕೇಳುವುದು ಒಂದೇ ಮಾತು: ‘ಏನು ಬೆಲೆಗೆ?’ ಹೆಚ್ಚಿನವರ ಬಳಿ ಉತ್ತರ ಇರುವುದಿಲ್ಲ. ಗೆಲ್ಲುವ ಕುದುರೆ ಗೊತ್ತಾದ ಮೇಲೆ ಬೆಲೆಯದೇನು ಮಾತು ಎಂಬ ಮುಖ ಮಾಡುತ್ತಾರೆ. ಹಣಕಾಸಿನ ಅಂಕಣದಲ್ಲಿ ರೇಸಿನ ಸುದ್ದಿ ಬರೆಯುವುದಕ್ಕೆ ನನಗಿರುವ ನೆಪವೂ ಆ ಮುಖವೇ.

ಸರವಣಂಪಟ್ಟಿಯ ಐಟಿ ಕಂಪೆನಿಯೊಂದರಲ್ಲಿರುವ ನನ್ನ ಅಕ್ಕನ ಮಗ ಈಚೆಗೆ ಮನೆಗೆ ಬಂದವನು ಫೋನು ತೆರೆದು ತೋರಿಸಿದ. ‘ಮಾಮಾ, ಇಂಗ್ಲೆಂಡಿನ ಜಂಪ್ ರೇಸು. ಇವತ್ತಿನ ಆರು ರೇಸಿಗೂ ಟಿಪ್ಸ್ ಬಂದಿದೆ. ನಿಮಗೆ ರೇಸ್ ಗೊತ್ತಲ್ಲ, ಸ್ವಲ್ಪ ನೋಡಿ.’ ನನಗೆ ಗೊತ್ತಿರುವುದು ರೇಸಿಗಿಂತ ರೇಸಿನ ಲೆಕ್ಕ. ಪಂಪ್‌ಸೆಟ್ ಮಾಡುವವರ ಲೆಕ್ಕಪುಸ್ತಕ ಬರೆದೇ ಹೊಟ್ಟೆ ಹೊರೆದವನು ನಾನು. ಆದರೂ ಕನ್ನಡಕ ಹಾಕಿಕೊಂಡು ಕೂತೆ.

ತುಡಿಯಲೂರಿನವರಿಗೆ ರೇಸು ದೂರದ್ದೇನಲ್ಲ. ನಮ್ಮ ಊರಿನ ನಡುವೆ ಹಾದುಹೋಗುವ ಮೆಟ್ಟುಪಾಳಯಂ ರಸ್ತೆಯೇ ಊಟಿಗೂ ದಾರಿ. ಏಪ್ರಿಲ್ ಮಧ್ಯದಿಂದ ಜೂನ್‌ವರೆಗೆ ಅಲ್ಲಿ ಮದ್ರಾಸ್ ರೇಸ್ ಕ್ಲಬ್ಬಿನ ಬೇಸಿಗೆ ರೇಸು ನಡೆಯುತ್ತಿದ್ದ ಕಾಲದಲ್ಲಿ, ನಮ್ಮ ಕನ್ನಡ ಮನೆಗಳಲ್ಲೂ ಬೆಳಗಿನ ಬಸ್ಸು ಹಿಡಿಯುವ ಒಬ್ಬಿಬ್ಬರು ಇರುತ್ತಿದ್ದರು. ನಮ್ಮ ಮನೆಯಲ್ಲಿ ಚಿಕ್ಕಪ್ಪ. ಫೌಂಡ್ರಿಯಲ್ಲಿ ಮೋಲ್ಡಿಂಗ್ ಕೆಲಸ ಮಾಡುತ್ತಿದ್ದರು. ರೇಸ್ ಬುಕ್ಕಿನ ಅಂಚಿನಲ್ಲಿ ಅವರು ಪೆನ್ಸಿಲಿನಿಂದ ಬರೆದ ಟಿಪ್ಪಣಿಗಳು ಇನ್ನೂ ನನ್ನ ಕಪಾಟಿನಲ್ಲಿವೆ: ‘ಹೊರಗಿನಿಂದ ಓಡಿತು’, ‘ಮಳೆಗೆ ಆಗದು’, ‘ಜಾಕಿ ಬೇಗ ಚಾಟಿ ಎತ್ತಿದ’. ಆ ಕುದುರೆಗಳ ಬಗ್ಗೆ ಅವರಿಗಿದ್ದ ತಿಳಿವಳಿಕೆಯನ್ನು ನಾನು ಎಂದೂ ಹಗುರವಾಗಿ ಕಂಡಿಲ್ಲ. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕುದುರೆ ರೇಸು ಅದೃಷ್ಟದ ಜೂಜಲ್ಲ, ಜಾಣ್ಮೆಯ ಆಟ ಎಂದು ತಮಿಳುನಾಡಿನದೇ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಾಗ ಚಿಕ್ಕಪ್ಪ ಪದವಿ ಪಡೆದವರಂತೆ ಓಡಾಡಿದರು.

ಆದರೆ ಅವರ ನೋಟ್‌ಬುಕ್ಕಿನಲ್ಲಿ ಗೆದ್ದ ದುಡ್ಡಿಗೆ ಮಾತ್ರ ಕಾಲಂ ಇತ್ತು. ಬಸ್ ಚಾರ್ಜು, ಪ್ರವೇಶದ ಟಿಕೆಟ್ಟು, ರೇಸ್ ಬುಕ್ಕು, ಊಟ, ಸೋತ ಟಿಕೆಟ್ಟು ಇವನ್ನೆಲ್ಲ ನಾನು ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ಬರೆದುಕೊಟ್ಟಾಗ ಅವರು ತಿಂಗಳುಗಟ್ಟಲೆ ನನ್ನ ಹತ್ತಿರ ರೇಸಿನ ಮಾತೇ ಆಡಲಿಲ್ಲ. ಜಾಣ್ಮೆ ಇತ್ತು, ಲಾಭ ಇರಲಿಲ್ಲ. ಅವೆರಡೂ ಬೇರೆ ಬೇರೆ ಎಂದು ಕೋರ್ಟು ಹೇಳಬೇಕಾಗಿರಲಿಲ್ಲ.

ಹುಡುಗನ ಫೋನಿಗೆ ಬರುತ್ತೇನೆ. ನಮ್ಮ ಬೆಂಗಳೂರು, ಮೈಸೂರಿನಲ್ಲಿ ಇರುವುದೆಲ್ಲ ಬಯಲು ಓಟ. ಜಂಪ್ ರೇಸಿನಲ್ಲಿ ಕುದುರೆ ಬೇಲಿಗಳನ್ನು ಹಾರಿ ಓಡಬೇಕು. ಲಿವರ್‌ಪೂಲಿನ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಸುಮಾರು ಏಳು ಕಿಲೋಮೀಟರ್ ಓಟ, 30 ನೆಗೆತ. ಮೊದಲು 40 ಕುದುರೆ ಬಿಡುತ್ತಿದ್ದರು, 2024ರಿಂದ 34ಕ್ಕೆ ಇಳಿಸಿದ್ದಾರೆ. 1928ರಲ್ಲಿ ಅಲ್ಲಿ 42 ಕುದುರೆ ಹೊರಟು ಗುರಿ ಮುಟ್ಟಿದ್ದು ಎರಡೇ, ಅದರಲ್ಲೂ ಎರಡನೆಯದು ಮಧ್ಯೆ ಬಿದ್ದು ಮತ್ತೆ ಜಾಕಿಯನ್ನು ಹೊತ್ತು ಬಂದದ್ದು. 1967ರಲ್ಲಿ ಒಂದು ಬೇಲಿಯ ಬಳಿ ಮುಂದಿದ್ದ ಕುದುರೆಗಳೆಲ್ಲ ಒಂದರ ಮೇಲೊಂದು ಬಿದ್ದು ಗೋಜಲಾದಾಗ, ಬಹಳ ಹಿಂದೆ ಬರುತ್ತಿದ್ದ ಫಾಯ್ನಾವನ್ ಎಂಬ ಕುದುರೆ ಸಂದಿ ಹುಡುಕಿ ಹಾರಿ ಗೆದ್ದಿತು. ಬುಕ್ಕಿಗಳ ಬೋರ್ಡಿನಲ್ಲಿ ಅದರ ಬೆಲೆ ಒಂದಕ್ಕೆ ನೂರು. ಹಿಂದುಳಿದದ್ದೇ ಅದರ ಪುಣ್ಯ. ಇಂಥದ್ದಕ್ಕೆ ಟಿಪ್ ಕೊಡುವ ಧೈರ್ಯ ಮೆಚ್ಚಬೇಕಾದ್ದೇ.

ಹಾಗೆಂದು ಓದುವುದಕ್ಕೆ ಏನೂ ಇಲ್ಲವೆಂದಲ್ಲ. ಕುದುರೆಯ ಹೆಸರಿನ ಪಕ್ಕದಲ್ಲಿ ‘2ಎಫ್1-ಪಿ3’ ಎಂಬಂಥ ಸಾಲು ಇರುತ್ತದೆ. ಎಡದಿಂದ ಬಲಕ್ಕೆ ಹಳೆಯದರಿಂದ ಹೊಸದಕ್ಕೆ ಓದಿಕೊಳ್ಳಬೇಕು. ಮೊದಲು ಎರಡನೆಯ ಸ್ಥಾನ, ಆಮೇಲೆ ಬಿದ್ದಿದೆ, ಆಮೇಲೆ ಗೆದ್ದಿದೆ. ಅಡ್ಡಗೆರೆ ಎಂದರೆ ಅಲ್ಲಿಗೆ ಒಂದು ಸೀಸನ್ ಮುಗಿಯಿತು. ಹೊಸ ಸೀಸನ್ನಿನ ಮೊದಲ ಓಟದಲ್ಲಿ ಜಾಕಿ ಮಧ್ಯದಲ್ಲೇ ನಿಲ್ಲಿಸಿದ್ದಾನೆ, ಕೊನೆಯದರಲ್ಲಿ ಮೂರನೆಯ ಸ್ಥಾನ. ‘ಯು’ ಇದ್ದರೆ ಕುದುರೆ ಬಿದ್ದಿಲ್ಲ, ಜಾಕಿ ಬಿದ್ದಿದ್ದಾನೆ. ಸಾಲಿನಲ್ಲಿ ಎಫ್, ಯು, ಪಿ ಪದೇಪದೇ ಬಂದರೆ ಅದು ಎಷ್ಟೇ ವೇಗದ ಕುದುರೆಯಾದರೂ ದೂರ ಇಡಬಹುದು. ನೆಲ ಹಸಿಯೋ ಗಟ್ಟಿಯೋ ನೋಡಬೇಕು. ಚಳಿಗಾಲದ ಕೆಸರಿನಲ್ಲಿ ವೇಗಕ್ಕಿಂತ ದಮ್ಮು ಮುಖ್ಯ. ಹೊರುವ ತೂಕ, ಅದೇ ದೂರವನ್ನು ಹಿಂದೆ ಮುಗಿಸಿದ ದಾಖಲೆ ಇವೂ ಅಷ್ಟೇ. ಇಷ್ಟನ್ನು ಹುಡುಗನಿಗೆ ಹತ್ತು ನಿಮಿಷದಲ್ಲಿ ಹೇಳಿಕೊಟ್ಟೆ. ಅವನ ಕಣ್ಣು ಹೊಳೆಯಿತು. ನನಗೆ ಹೆದರಿಕೆಯಾದದ್ದು ಆಗಲೇ.

ಯಾಕೆಂದರೆ ಇದೆಲ್ಲ ಕುದುರೆಯ ಮಾತು. ದುಡ್ಡಿನ ಮಾತು ಇನ್ನೂ ಶುರುವಾಗಿರಲಿಲ್ಲ.

ಐದು ಕುದುರೆಯ ಸಣ್ಣ ರೇಸು ಎಂದುಕೊಳ್ಳಿ. ಬೋರ್ಡಿನಲ್ಲಿ ಒಂದಕ್ಕೆ ಸಮಸಮ, ಇನ್ನೊಂದಕ್ಕೆ ಒಂದಕ್ಕೆ ಎರಡು, ಮೂರನೆಯದಕ್ಕೆ ಒಂದಕ್ಕೆ ನಾಲ್ಕು, ಉಳಿದೆರಡಕ್ಕೂ ಒಂದಕ್ಕೆ ಒಂಬತ್ತು. ಬೆಲೆಯನ್ನು ಗೆಲ್ಲುವ ಸಾಧ್ಯತೆಯಾಗಿ ತಿರುಗಿಸಿದರೆ 50, 33, 20, 10, 10. ಒಟ್ಟು 123. ನಿಜವಾದ ಸಾಧ್ಯತೆ ಎಷ್ಟಾದರೂ ನೂರೇ ತಾನೆ? ಮೇಲಿನ 23 ಬುಕ್ಕಿಯ ಬಾಬ್ತು. ಯಾವ ಕುದುರೆ ಗೆದ್ದರೂ ಅವನಿಗೆ ನಿದ್ದೆ ಬರುವುದು ಈ ಅಂತರದಿಂದ. ಟಿಪ್ ಎಂದರೆ ಈ ಐದರಲ್ಲಿ ಯಾವುದು ಗೆಲ್ಲುತ್ತದೆ ಎನ್ನುವುದಲ್ಲ. ಯಾವ ಕುದುರೆಗೆ ಅದರ ಯೋಗ್ಯತೆಗಿಂತ ಹೆಚ್ಚು ಬೆಲೆ ಕೊಟ್ಟಿದ್ದಾರೆ ಎಂದು ಹೇಳಿದರೆ ಅದು ಟಿಪ್. ಒಂದಕ್ಕೆ ನಾಲ್ಕಿದ್ದಾಗ ಒಳ್ಳೆಯದಾಗಿದ್ದ ಕುದುರೆ, ಎಲ್ಲರ ಫೋನಿಗೂ ಅದೇ ಟಿಪ್ ಹೋಗಿ ಒಂದಕ್ಕೆ ಎರಡಕ್ಕೆ ಇಳಿದ ಮೇಲೆ ಕೆಟ್ಟ ವ್ಯಾಪಾರ. ಕುದುರೆ ಬದಲಾಗಿಲ್ಲ, ಬೆಲೆ ಬದಲಾಗಿದೆ.

ಇನ್ನೊಂದು ಲೆಕ್ಕ ಹುಡುಗನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಇಂಗ್ಲೆಂಡಿನಲ್ಲೊಬ್ಬ ಅತ್ಯುತ್ತಮ ಟಿಪ್‌ಸ್ಟರ್ ಇದ್ದಾನೆ ಅನ್ನು. ಒಂದಕ್ಕೆ ಎರಡು ಬೆಲೆಯ ಕುದುರೆಗಳನ್ನೇ ಹೇಳುತ್ತಾನೆ, ನೂರರಲ್ಲಿ 36 ಗೆಲ್ಲುತ್ತವೆ. ಬಹಳ ಒಳ್ಳೆಯ ಸಾಧನೆ. ಪ್ರತಿಯೊಂದಕ್ಕೂ ನೂರರಂತೆ ಹತ್ತು ಸಾವಿರ ಹೂಡಿದವನಿಗೆ 36 ಸಲ ಮುನ್ನೂರರಂತೆ 10,800 ವಾಪಸು ಬರುತ್ತದೆ. ಎಂಟುನೂರು ಲಾಭ. ಅಲ್ಲಿ 2001ರಿಂದ ಪಂಥ ಕಟ್ಟುವವನು ತೆರಿಗೆ ಕೊಡಬೇಕಾಗಿಲ್ಲ, ಹಾಗಾಗಿ ಎಂಟುನೂರೂ ಅವನದೇ. ಅದೇ ಜಾಣ್ಮೆಯನ್ನು ನಮ್ಮ ದೇಶದ ರೇಸ್ ಕೋರ್ಸಿಗೆ ತಂದು ನೋಡು. 2023ರ ಅಕ್ಟೋಬರಿನಿಂದ ಪಂಥದ ಪೂರ್ತಿ ಮುಖಬೆಲೆಯ ಮೇಲೆ ಶೇ 28 ಜಿಎಸ್‌ಟಿ ಎಂದು ಕಾನೂನಿನಲ್ಲೇ ಗಟ್ಟಿಯಾಯಿತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ತೆರಿಗೆ ಟಿಕೆಟ್ಟಿನ ಮೇಲೆ ಬಂದರೂ ಅಷ್ಟೇ, ಒಳಗೇ ಕಡಿತವಾದರೂ ಅಷ್ಟೇ, ಕೊನೆಗೆ ಕೈಹಾಕುವುದು ಆಟಗಾರನ ಜೇಬಿಗೇ. ಮೇಲೆ ಬಂತೆಂದು ಇಟ್ಟುಕೊಂಡರೆ ಹತ್ತು ಸಾವಿರದ ಪಂಥಕ್ಕೆ 14,000 ಖರ್ಚು, ವಾಪಸು ಅದೇ 10,800. ನಷ್ಟ 3,200. ಸರಿಸಮ ಆಗಬೇಕಾದರೂ ನೂರಕ್ಕೆ 47 ಗೆಲ್ಲಬೇಕು. ಮೊದಲ ಆಯ್ಕೆಯ ಕುದುರೆಗಳೇ ಸಾಮಾನ್ಯವಾಗಿ ಗೆಲ್ಲುವುದು ಸುಮಾರು ಮೂರಕ್ಕೆ ಒಂದು ಸಲ.

ಅಷ್ಟಕ್ಕೇ ಮುಗಿಯಲಿಲ್ಲ. ರೇಸಿನ ಗೆಲುವಿಗೆ ಆದಾಯ ತೆರಿಗೆ ನೇರವಾಗಿ ಶೇ 30, ಮೇಲೆ ಸೆಸ್ಸು. ಒಮ್ಮೆಗೆ ಹತ್ತು ಸಾವಿರ ದಾಟಿದ ಗೆಲುವಿನಲ್ಲಿ ಕೌಂಟರಿನಲ್ಲೇ ಹಿಡಿದುಕೊಳ್ಳುತ್ತಾರೆ. ಸೋತದ್ದನ್ನು ಗೆದ್ದದ್ದರಲ್ಲಿ ಕಳೆಯುವಂತಿಲ್ಲ. ವರ್ಷದಲ್ಲಿ ಐವತ್ತು ಸಾವಿರ ಗೆದ್ದು ಅರವತ್ತು ಸಾವಿರ ಸೋತವನು ನಿಜಕ್ಕೂ ಹತ್ತು ಸಾವಿರ ಕಳೆದುಕೊಂಡಿದ್ದಾನೆ, ಆದರೂ ಐವತ್ತರ ಮೇಲೆ 15,600 ತೆರಿಗೆ ಕಟ್ಟಬೇಕು. ಬೇರೆ ಯಾವ ವ್ಯಾಪಾರದಲ್ಲಿ ಸೋತವನಿಗೆ ಇಂಥ ಬಿಲ್ಲು ಬರುತ್ತದೆ?

ಹುಡುಗ ಅಲ್ಲಿಗೂ ಬಿಡಲಿಲ್ಲ. ‘ನಾನು ರೇಸ್ ಕೋರ್ಸಿಗೆ ಎಲ್ಲಿ ಹೋಗ್ತೀನಿ ಮಾಮಾ, ಆ್ಯಪ್‌ನಲ್ಲಿ ತಾನೆ?’ ಅಂದ. ಅಲ್ಲಿ ಕಥೆ ಇನ್ನೂ ಸರಳ. 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಕಾಯ್ದೆ ಆನ್‌ಲೈನ್ ಹಣದಾಟವನ್ನು, ಅದು ಜಾಣ್ಮೆಯದಾಗಲಿ ಅದೃಷ್ಟದ್ದಾಗಲಿ, ನಿಷೇಧಿಸಿದೆ. ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಲಾಟರಿ, ಸ್ವೀಪ್‌ಸ್ಟೇಕ್‌ನಂಥವಕ್ಕೆ ವಿದೇಶಕ್ಕೆ ಹಣ ಕಳಿಸುವುದಕ್ಕೂ ವಿದೇಶಿ ವಿನಿಮಯ ನಿಯಮ ಒಪ್ಪುವುದಿಲ್ಲ. ಹಾಗಾದರೆ ಅವನ ಫೋನಿನ ಆ್ಯಪ್‌ಗೆ ದುಡ್ಡು ಹೋಗುತ್ತಿದ್ದುದು ಎಲ್ಲಿಗೆ? ಯುಪಿಐ ತೆರೆದು ನೋಡಿದೆವು. ಹಣ ಸಂದಾಯದ ಜಾಗದಲ್ಲಿ ಒಂದು ದಿನಸಿ ಅಂಗಡಿಯ ಹೆಸರು, ಇನ್ನೊಮ್ಮೆ ಯಾವನೋ ಅಪರಿಚಿತನ ಖಾತೆ. ಇಂಗ್ಲೆಂಡಿನ ಕುದುರೆಗೆ ದಿನಸಿ ಅಂಗಡಿಗೆ ದುಡ್ಡು! ಆ ಕುದುರೆ ಗೆದ್ದರೂ ಯಾರ ಬಾಗಿಲು ತಟ್ಟುವುದು?

ಪಂಥದಿಂದ ಯಾರೂ ಶ್ರೀಮಂತರಾಗುವುದಿಲ್ಲ ಎನ್ನುವಂತಿಲ್ಲ. 2003ರಿಂದ ಲಾಟರಿ ನಿಷೇಧವಿರುವ ತಮಿಳುನಾಡಿನಲ್ಲಿ, ನಮ್ಮ ಇದೇ ಮೆಟ್ಟುಪಾಳಯಂ ರಸ್ತೆಯ ವಿಳಾಸ ಇರುವ ಫ್ಯೂಚರ್ ಗೇಮಿಂಗ್ ಎಂಬ ಲಾಟರಿ ಕಂಪೆನಿ 1,368 ಕೋಟಿ ರೂಪಾಯಿಯ ಚುನಾವಣಾ ಬಾಂಡ್ ಕೊಂಡು ಇಡೀ ದೇಶಕ್ಕೆ ಮೊದಲನೆಯದಾಗಿತ್ತು ಎಂದು 2024ರ ಮಾರ್ಚಿನಲ್ಲಿ ಪಟ್ಟಿ ಹೊರಬಿತ್ತು. ಅದು ಬೇರೆ ರಾಜ್ಯಗಳಲ್ಲಿ ಕಾನೂನಿನೊಳಗೆ ನಡೆಯುವ ವ್ಯಾಪಾರ. ಆದರೆ ಗಮನಿಸಿ, ಅದು ಟಿಕೆಟ್ಟು ಮಾರುವವರ ದುಡ್ಡು, ಕೊಳ್ಳುವವರದಲ್ಲ.

ಹಾಗಾದರೆ ರೇಸೇ ನೋಡಬಾರದೆ? ನಾನು ಅಷ್ಟು ಕಟ್ಟುನಿಟ್ಟಿನವನಲ್ಲ. ಊಟಿಯ ಮೈದಾನವಂತೂ ಈಗ ಆ ಕೆಲಸಕ್ಕಿಲ್ಲ; ಬಾಡಿಗೆ ಬಾಕಿಯ ತಕರಾರಿನಲ್ಲಿ ಸರ್ಕಾರ 2024ರ ಜುಲೈನಲ್ಲಿ ಆ ಐವತ್ತಕ್ಕೂ ಹೆಚ್ಚು ಎಕರೆಯನ್ನು ವಶಕ್ಕೆ ತೆಗೆದುಕೊಂಡಿತು. ನೋಡಲೇಬೇಕೆಂದರೆ ದಿಂಬಂ ಘಾಟಿ ಹತ್ತಿ ಚಾಮರಾಜನಗರದ ಮೇಲೆ ಮೈಸೂರಿಗೆ ಹೋಗಿ. ಚಾಮುಂಡಿ ಬೆಟ್ಟದ ಬುಡದ ಆ ರೇಸ್ ಕೋರ್ಸು ನೋಡುವುದಕ್ಕೇ ಚೆಂದ. ಸಿನಿಮಾಕ್ಕೆ, ಹೋಟೆಲಿಗೆ ತೆಗೆದಿಡುವ ಹಾಗೆ ಹೋಗುವ ಮುಂಚೆಯೇ ಒಂದು ಮೊತ್ತ ತೆಗೆದಿಡಿ, ಅದು ವಾಪಸು ಬರುವುದಿಲ್ಲ ಎಂದು ಮನೆಯವರಿಗೂ ಹೇಳಿ. ಕಾರ್ಡು, ಯುಪಿಐ ಮನೆಯಲ್ಲಿರಲಿ. ಎಲ್ಲ ರೇಸಿಗೂ ಕಟ್ಟಬೇಡಿ, ನಿಮಗೆ ತಿಳಿದ ಕುದುರೆ ಓಡುವ ಒಂದೆರಡಕ್ಕೆ ಸಾಕು. ಜಾಕ್‌ಪಾಟಿನ ಆಸೆ ಬಿಡಿ: ಸತತ ಐದು ರೇಸಿನಲ್ಲೂ ಮೂರಕ್ಕೆ ಒಂದು ಸಾಧ್ಯತೆಯ ಕುದುರೆಯನ್ನೇ ಹಿಡಿದರೂ ಐದೂ ಗೆಲ್ಲುವುದು 243ಕ್ಕೆ ಒಂದು ಸಲ. ಸೋತದ್ದನ್ನು ಕೊನೆಯ ರೇಸಿನಲ್ಲಿ ಎತ್ತುತ್ತೇನೆ ಎಂದು ಇಮ್ಮಡಿ ಮಾಡುವವರನ್ನು ಚಿಕ್ಕಪ್ಪನೇ ಬಯ್ಯುತ್ತಿದ್ದರು. ಅವರು ಎಂದೂ ಸಾಲ ಮಾಡಿ ಆಡಿದವರಲ್ಲ. ನಮ್ಮ ಮನೆ ಉಳಿದದ್ದು ಅವರ ಕುದುರೆ ಜ್ಞಾನದಿಂದಲ್ಲ, ಆ ಒಂದು ಕಟ್ಟಳೆಯಿಂದ.

ಟಿಪ್ಸ್‌ಗೆ ತಿಂಗಳ ಚಂದಾ ಕೊಡುತ್ತಿರುವವರು ಇವತ್ತೇ ನಿಲ್ಲಿಸಿ. ಶೇ 40ರ ತೆರಿಗೆ ಇರುವ ತನಕ ಅದನ್ನು ದಾಟಿ ಲಾಭ ತೋರಿಸುವಷ್ಟು ಒಳ್ಳೆಯ ಟಿಪ್ ಮಾರುಕಟ್ಟೆಯಲ್ಲಿ ಇಲ್ಲ. ಆ್ಯಪ್‌ಗೆ ದುಡ್ಡು ಹಾಕಿ ವಾಪಸು ಸಿಗದೆ ಕೂತಿದ್ದರೆ ‘ತೆರಿಗೆ ಕಟ್ಟಿದರೆ ಬಿಡುಗಡೆ’ ಎಂಬ ಮಾತಿಗೆ ಮತ್ತೆ ದುಡ್ಡು ಕಳಿಸಬೇಡಿ, ಸೈಬರ್ ವಂಚನೆಯ ದೂರಿಗಿರುವ 1930ಕ್ಕೆ ಕೂಡಲೇ ಫೋನ್ ಮಾಡಿ. ಮನೆಯಲ್ಲಿ ಯಾರಾದರೂ ಆಟ ಬಿಡಲಾಗದೆ ಒದ್ದಾಡುತ್ತಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.