ಲಾರಿಯ ಕೂಲಂಟ್ ಇಳಿದರೆ: ಮಾಡಬೇಕಾದ್ದು, ಮಾಡಬಾರದ್ದು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಲಾರಿ ಚಾಲಕರು, ಮಾಲೀಕರು ಮತ್ತು ಗ್ಯಾರೇಜಿನವರ ಗಮನಕ್ಕೆ

ಕೂಲಂಟ್ ಸುಮ್ಮನೆ ಕಡಿಮೆಯಾಗುವುದಿಲ್ಲ. ಹೊರಗೆ ಸೋರುತ್ತಿರುತ್ತದೆ, ಇಲ್ಲವೇ ಇಂಜಿನ್ ಆಯಿಲಿಗೋ ಬ್ರೇಕಿನ ಗಾಳಿ ಟ್ಯಾಂಕಿಗೋ ಸೇರುತ್ತಿರುತ್ತದೆ, ಇಲ್ಲವೇ ಸೈಲೆನ್ಸರಿನಿಂದ ಬಿಳಿ ಹೊಗೆಯಾಗಿ ಹೋಗುತ್ತಿರುತ್ತದೆ. ಯಾವ ದಾರಿ ಎಂದು ಪತ್ತೆ ಮಾಡದೆ ತುಂಬಿಸುತ್ತಲೇ ಓಡಿಸಿದರೆ ಹೆಡ್ ಬಿರಿದು ಇಂಜಿನ್ ಜಾಮ್ ಆಗುತ್ತದೆ. ಬಿಸಿ ಇಂಜಿನ್ನಿನ ಕ್ಯಾಪ್ ತೆಗೆದವರ ಮುಖ ಬೇಯುತ್ತದೆ, ಕಣ್ಣು ಹೋಗುತ್ತದೆ.

ಮಾಡಬೇಕಾದ್ದು

ಕೂಲಂಟ್ ಲೈಟ್ ಹತ್ತಿದರೆ ಅಥವಾ ಹಬೆ ಕಂಡರೆ ಗಾಡಿ ಪಕ್ಕಕ್ಕೆ ತಂದು ಇಂಜಿನ್ ಬಂದ್ ಮಾಡಿ. ಗಿಣಿಗೇರಿ ಫ್ಯಾಕ್ಟರಿ ಗೇಟು ಎರಡೇ ಕಿಲೋಮೀಟರ್ ಇದ್ದರೂ ಅಲ್ಲೇ ನಿಲ್ಲಿಸಿ.

ನಾಲ್ಕೂ ಇಂಡಿಕೇಟರ್ ಹಾಕಿ, ಕೆಂಪು ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ.

ರಾಷ್ಟ್ರೀಯ ಹೆದ್ದಾರಿ 50 ಅಥವಾ 67ರಲ್ಲಿದ್ದರೆ 1033ಕ್ಕೆ ಫೋನ್ ಮಾಡಿ.

ಗಾಲಿಗೆ ಕಲ್ಲು ಕೊಡಿ. ಹೊರಡುವಾಗ ಅದೇ ಕಲ್ಲನ್ನು ಎತ್ತಿ ರಸ್ತೆಯಾಚೆ ಹಾಕಿ. ರಾತ್ರಿ ಬರುವ ಬೈಕಿನವರ ಜೀವ ಅದರ ಮೇಲಿದೆ.

ಇಂಜಿನ್ ಪೂರ್ತಿ ಆರುವವರೆಗೆ ಕಾಯಿರಿ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಅರ್ಧ ಗಂಟೆ ಸಾಲದು.

ದಪ್ಪ ಬಟ್ಟೆ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಕ್ಯಾಪನ್ನು ಸ್ವಲ್ಪ ಮಾತ್ರ ಸಡಿಲಿಸಿ. ಗಾಳಿ ಪೂರ್ತಿ ಹೋದ ಮೇಲೆ ತೆಗೆಯಿರಿ.

ಮತ್ತೆ ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಚಹಾದಂತಿದ್ದರೆ, ಅಥವಾ ಮಟ್ಟ ಏರಿದ್ದರೆ, ಗಾಡಿಯನ್ನು ಎಳೆಸಿಕೊಂಡೇ ಹೋಗಿ. ಗ್ಯಾರೇಜಿನವರು ಆಯಿಲ್ ಕೂಲರ್, ಹೆಡ್ ಗ್ಯಾಸ್ಕೆಟ್, ಲೈನರ್ ರಬ್ಬರ್ ರಿಂಗ್ ಮೂರನ್ನೂ ಪರೀಕ್ಷಿಸಿ.

ರಾತ್ರಿ ಇಂಜಿನ್ ಕೆಳಗೆ ರಟ್ಟು ಹಾಸಿ. ಗಂಗಾವತಿ, ಕಾರಟಗಿ ರೈಸ್‌ಮಿಲ್ ಅಂಗಳದ ಎರೆಮಣ್ಣಿನಲ್ಲಿ ಹನಿ ಇಂಗಿ ಹೋಗುತ್ತದೆ, ರಟ್ಟಿನ ಮೇಲೆ ಕಲೆ ಉಳಿಯುತ್ತದೆ. ಬಣ್ಣವಿಲ್ಲದ ಹನಿ ಎಸಿಯದು; ಬಣ್ಣವಿದ್ದು ಬೆರಳಿಗೆ ಜಿಗುಟಾದರೆ ಕೂಲಂಟ್.

ಟಾರ್ಚ್ ಹಿಡಿದು ಹೋಸ್ ಕ್ಲಿಪ್ಪು, ರೇಡಿಯೇಟರ್ ಅಂಚು, ಟ್ಯಾಂಕಿನ ತಳ ನೋಡಿ. ಒಣಗಿ ಅಂಟಿದ ಬಿಳಿ, ಹಸಿರು ಅಥವಾ ಗುಲಾಬಿ ಪುಡಿ ಇದ್ದಲ್ಲಿ ಸೋರಿಕೆ ಇದೆ. ಅದಿರಿನ ಕೆಂಪು ಧೂಳು ಮೆತ್ತಿದ್ದರೆ ಮೊದಲು ಒರೆಸಿ, ಆಮೇಲೆ ನೋಡಿ.

ವಾಟರ್ ಪಂಪಿನ ಅಡಿಯ ಸಣ್ಣ ತೂತು ತಡವಿ ನೋಡಿ. ಅಲ್ಲಿ ಹನಿ ಬೀಳುತ್ತಿದ್ದರೆ ಪಂಪಿನ ಸೀಲ್ ಹೋಗಿದೆ.

ಬ್ರೇಕಿನ ಗಾಳಿ ಟ್ಯಾಂಕಿನ ಡ್ರೇನ್ ಎಳೆಯಿರಿ. ಇದನ್ನು ಬಹಳ ಮಂದಿ ಬಿಡುತ್ತಾರೆ. ಕಂಪ್ರೆಸರಿನ ಹೆಡ್ಡಿಗೂ ಕೂಲಂಟ್ ಹೋಗುತ್ತದೆ. ಬಣ್ಣದ ನೀರು ಬಂದರೆ ಸೋರಿಕೆ ಅಲ್ಲಿದೆ.

ಇಂಜಿನ್ ತಣ್ಣಗಿರುವಾಗ ಪ್ರೆಷರ್ ಟೆಸ್ಟ್ ಮಾಡಿಸಿ. ಕ್ಯಾಪಿನ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು, ಕಾಲು ಗಂಟೆ ಮುಳ್ಳು ಇಳಿಯುತ್ತದೆಯೇ ನೋಡಿ. ಕ್ಯಾಪನ್ನೂ ಪರೀಕ್ಷಿಸಿ, ಅದರ ವಾಲ್ವ್ ಕೆಟ್ಟರೂ ಕೂಲಂಟ್ ಹೊರಗೆ ಉಕ್ಕುತ್ತದೆ.

ನೆಲ ಒಣಗಿದೆ, ಆಯಿಲ್ ಚೊಕ್ಕವಾಗಿದೆ, ಆದರೂ ಮಟ್ಟ ಇಳಿಯುತ್ತಿದೆ ಎಂದರೆ ಇಜಿಆರ್ ಕೂಲರ್ ಬಿಚ್ಚಿಸಿ ನೋಡಿ. ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಿ.

ಪ್ರತಿ ಬೆಳಿಗ್ಗೆ ಸಮತಟ್ಟು ಜಾಗದಲ್ಲಿ ಮಟ್ಟ ನೋಡಿ. ಎಷ್ಟು ಲೀಟರ್ ಹಾಕಿದಿರಿ, ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಇತ್ತು, ಬರೆದಿಡಿ. ಮೆಕ್ಯಾನಿಕ್ಕಿಗೆ ಆ ಲೆಕ್ಕವನ್ನೇ ಮೊದಲು ತೋರಿಸಿ.

ಕೈಯಲ್ಲಿ ಕೂಲಂಟ್ ಇಲ್ಲದಿದ್ದರೆ, ಇಂಜಿನ್ ಆರಿದ ಮೇಲೆ, ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಹಾಕಿ ಹತ್ತಿರದ ಗ್ಯಾರೇಜ್ ಮುಟ್ಟಿ. ಅಲ್ಲಿ ಅದನ್ನು ಇಳಿಸಿ ಕಂಪನಿ ಹೇಳಿದ ಕೂಲಂಟ್ ತುಂಬಿಸಿ.

ಮೈ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಬಿಡಿ, 108ಕ್ಕೆ ಕರೆ ಮಾಡಿ.

ಮಾಡಬಾರದ್ದು

ಬಿಸಿ ಇಂಜಿನ್ನಿನ ಕ್ಯಾಪಿಗೆ ಕೈ ಹಚ್ಚುವುದು ಬೇಡ. ಒತ್ತಡದಲ್ಲಿ 100 ಡಿಗ್ರಿ ದಾಟಿದರೂ ಕೂಲಂಟ್ ಒಳಗೆ ಕುದಿಯದೆ ನಿಂತಿರುತ್ತದೆ. ಕ್ಯಾಪ್ ಬಿಚ್ಚಿದ ಕ್ಷಣ ಸಿಡಿಯುತ್ತದೆ.

ಕಾದ ಇಂಜಿನ್ನಿಗೆ ತಣ್ಣೀರು ಸುರಿಯುವುದು ಬೇಡ.

ಕೂಲಂಟ್ ಖಾಲಿಯಾದ ಮೇಲೆ ಹೀಟ್ ಮೀಟರ್ ನಂಬುವುದು ಬೇಡ. ಸೆನ್ಸರಿಗೆ ನೀರು ತಾಗದಿದ್ದರೆ ಮುಳ್ಳು ಕೆಳಗೇ ಇರುತ್ತದೆ.

ಸೆಲ್ಫ್ ಹೊಡೆದಾಗ ಇಂಜಿನ್ ಗಕ್ಕನೆ ನಿಂತರೆ ಎರಡನೇ ಸಲ ಹೊಡೆಯಬಾರದು. ಸಿಲಿಂಡರಿನಲ್ಲಿ ನೀರು ತುಂಬಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಗಾಳಿ ಟ್ಯಾಂಕಿನಲ್ಲಿ ಕೂಲಂಟ್ ಕಂಡ ಗಾಡಿಯನ್ನು ಲೋಡ್ ಹಾಕಿ ಓಡಿಸಬಾರದು.

ಬೋರ್‌ವೆಲ್ ನೀರು ಬೇಡ. ಕುಷ್ಟಗಿ, ಯಲಬುರ್ಗಾ ಕಡೆಯ ಗಡಸು ನೀರಿಗೆ ರೇಡಿಯೇಟರ್ ಕೊಳವೆಯಲ್ಲಿ ಸುಣ್ಣ ಕಟ್ಟುತ್ತದೆ.

ಕಾಲುವೆ ನೀರೂ ಬೇಡ.

ಅರಿಶಿನ ಪುಡಿ, ಲೀಕ್ ಮುಚ್ಚುವ ಪುಡಿ ಹಾಕಬಾರದು. ತೂತಿಗಿಂತ ಮೊದಲು ರೇಡಿಯೇಟರ್ ಮುಚ್ಚಿಕೊಳ್ಳುತ್ತದೆ.

ಹೀಟ್ ಆಗುತ್ತದೆಂದು ಥರ್ಮೋಸ್ಟಾಟ್ ಕಿತ್ತುಹಾಕಬಾರದು. ಅದು ರಿಪೇರಿ ಅಲ್ಲ.

ಬಣ್ಣ ಒಂದೇ ಎಂದು ಬೇರೆ ಬೇರೆ ಕೂಲಂಟ್ ಬೆರೆಸಬಾರದು.

ಓಡುವ ಇಂಜಿನ್ನಿನ ಫ್ಯಾನ್ ಹತ್ತಿರ ಕೈ, ಟವೆಲ್ಲು ಬೇಡ.

ಲಾಕ್ ಕೂಡದ ಕ್ಯಾಬಿನ್ ಕೆಳಗೆ ತಲೆ ಹಾಕಬಾರದು.

ಕೂಲಂಟ್ ನಾಲಿಗೆಗೆ ಹಚ್ಚಿ ನೋಡಬಾರದು. ಸಿಹಿಯಾಗಿರುತ್ತದೆ, ವಿಷ.

ಇಳಿಸಿದ ಕೂಲಂಟನ್ನು ಗದ್ದೆ, ಕಾಲುವೆ, ಚರಂಡಿಗೆ ಚೆಲ್ಲಬಾರದು. ನಾಯಿ, ದನ ಕುಡಿದರೆ ಸಾಯುತ್ತವೆ.

ನೀರಿನ ಬಾಟಲಿಯಲ್ಲಿ ಕೂಲಂಟ್ ತುಂಬಿ ಕ್ಯಾಬಿನ್ನಿನಲ್ಲಿ ಇಡುವುದು ಬೇಡ.

ಸುಟ್ಟ ಗಾಯಕ್ಕೆ ಟೂತ್‌ಪೇಸ್ಟು, ಎಣ್ಣೆ ಹಚ್ಚಬಾರದು.

ಲೋಡ್ ತಡವಾಗುತ್ತದೆಂದು ಮಾಲೀಕರು ಫೋನಿನಲ್ಲಿ “ನೀರು ಹಾಕ್ಕೊಂತ ಬಾ” ಎನ್ನಬಾರದು. ಅಂದರೂ ಚಾಲಕರು ಓಡಿಸಬಾರದು.