ಫ್ಯಾಟಿ ಲಿವರ್‌ಗೆ ಚಳಿಯ ಚಿಕಿತ್ಸೆ: ಸಂಶೋಧನೆಗೆ ನಿಮ್ಮ ಮಾತೂ ಬೇಕು



ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಫ್ಯಾಟಿ ಲಿವರ್' ಎಂದಿದ್ದರೆ ಯಕೃತ್ತಿನಲ್ಲಿ ಕೊಬ್ಬು ಸೇರಿದೆ ಎಂದರ್ಥ. ಮದ್ಯ ಮುಟ್ಟದವರಿಗೂ ಇದು ಬರುತ್ತದೆ. ಬೊಜ್ಜು, ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ಕುಡುಕರ ಕಾಯಿಲೆ ಎಂದು ನಾಚಿ ಮುಚ್ಚಿಡಬೇಡಿ.

ಚಳಿಯಿಂದ ಇದಕ್ಕೆ ಉಪಯೋಗವಾದೀತೇ ಎಂದು ಸಂಶೋಧಕರು ಯೋಚಿಸುತ್ತಿದ್ದಾರೆ. ನಮ್ಮ ಕುತ್ತಿಗೆ, ಹೆಗಲಿನ ಬಳಿ 'ಕಂದು ಕೊಬ್ಬು' ಸ್ವಲ್ಪ ಇರುತ್ತದೆ. ಚಳಿಯಾದಾಗ ಅದು ಸಕ್ಕರೆ, ಕೊಬ್ಬನ್ನು ಉರಿಸಿ ಮೈಗೆ ಶಾಖ ಕೊಡುತ್ತದೆ. ದೊಡ್ಡವರಲ್ಲೂ ಅದು ಕೆಲಸ ಮಾಡುತ್ತದೆಂದು 2009ರಲ್ಲಿ ದೃಢಪಟ್ಟಿತು. ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ನಗರದ ಸಂಶೋಧಕರು ಸಕ್ಕರೆ ಕಾಯಿಲೆಯ 8 ಗಂಡಸರನ್ನು 10 ದಿನ, ದಿನಕ್ಕೆ 6 ಗಂಟೆಯವರೆಗೆ, 14-15 ಡಿಗ್ರಿ ಚಳಿಯ ಕೋಣೆಯಲ್ಲಿ ತೆಳು ಬಟ್ಟೆಯಲ್ಲಿ ಕೂರಿಸಿ ನೋಡಿದರು. ಅವರ ದೇಹದಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತೆಂದು 2015ರಲ್ಲಿ ವರದಿಯಾಯಿತು. ಇಷ್ಟರಿಂದ ಚಳಿಯೇ ಫ್ಯಾಟಿ ಲಿವರ್‌ಗೆ ಮದ್ದು ಎನ್ನಲಾಗದು.

ಇಂಥ ಅಧ್ಯಯನವನ್ನು ನಮ್ಮ ಕಡೆ ಮಾಡಬೇಕಾದರೆ? ಕೂಲಿಗೆ ಹೋಗುವ ತಾಯಿ 6 ಗಂಟೆ ಕೂತರೆ ಅಂದಿನ ಸಂಬಳ ಹೋಯಿತು. ಹೆಂಗಸರಿಗೆ ತೆಳು ಬಟ್ಟೆ ಎಂದರೆ ಏನು? ಸೆರಗು ಹೊದ್ದರೆ ಚಳಿಯ ಅಳತೆ ತಪ್ಪುತ್ತದೆ, ಹೊದೆಯಬೇಡಿ ಎಂದರೆ ಅವರು ಮರುದಿನ ಬರುವುದಿಲ್ಲ. ಮಂಡಿನೋವಿನ ಹಿರಿಯರು ಚಳಿ ಎಷ್ಟು ಹೊತ್ತು ತಡೆದಾರು? ಲಿಂಗಪೂಜೆ, ಊಟದ ಹೊತ್ತು ಯಾವುದು? ಕೊನೆಯ ಬಸ್ಸು ಎಷ್ಟಕ್ಕೆ? ಇವು ಸಣ್ಣ ಮಾತಲ್ಲ. ಅರ್ಧ ಜನ ನಡುವೆ ಬಿಟ್ಟರೆ ಉಳಿದವರು ಪಟ್ಟ ಕಷ್ಟವೂ ವ್ಯರ್ಥ, ಫಲಿತಾಂಶ ನಂಬುವಂತಿರದು.

ಆದ್ದರಿಂದ ಯೋಜನೆ ಬರೆಯುವ ಮುನ್ನವೇ ರೋಗಿಗಳನ್ನು ಕೂರಿಸಿ ಕೇಳಬೇಕು. ಎಲ್ಲ ತೀರ್ಮಾನವಾದ ಮೇಲೆ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದರೆ ಅದು ಅನುಮತಿ ಮಾತ್ರ, ಪಾಲುಗಾರಿಕೆ ಅಲ್ಲ ಎಂದು ನನ್ನ ಅಭಿಪ್ರಾಯ. ಯಾರಾದರೂ ನಿಮ್ಮನ್ನು ಕೇಳಿದರೆ "ಡಾಕ್ಟರು ಹೇಳಿದಂಗೆ ಆಗಲಿ" ಎಂದು ಎದ್ದುಬಿಡಬೇಡಿ. ಯಾವುದು ಆಗುತ್ತದೆ, ಯಾವುದು ಆಗದು, ನಿಮಗೆ ಯಾವ ಫಲ ಮುಖ್ಯ ಎಂದು ಹೇಳಿ. ರಿಪೋರ್ಟಿನ ಅಂಕಿಗಿಂತ ಸುಸ್ತು ಕಡಿಮೆಯಾಗುವುದೇ ಮುಖ್ಯವಾದರೆ ಅದನ್ನೂ ಹೇಳಿ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಅಧ್ಯಯನದಿಂದ ಯಾವಾಗ ಬೇಕಾದರೂ ಹೊರಬರಬಹುದು. ಅದಕ್ಕಾಗಿ ನಿಮ್ಮ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಪ್ರಯಾಣದ ಖರ್ಚು, ಹೋದ ಕೂಲಿಯ ಬಗ್ಗೆಯೂ ಸಂಕೋಚವಿಲ್ಲದೆ ಕೇಳಬಹುದು.

ಇದನ್ನೋದಿ ಮನೆಯಲ್ಲಿ ಐಸ್ ನೀರಿನ ಸ್ನಾನಕ್ಕೆ ಇಳಿಯಬೇಡಿ. ಹೃದಯದ ತೊಂದರೆ, ಬಿ.ಪಿ. ಇದ್ದವರಿಗೆ ಅಪಾಯ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಚಳಿಯ ಪೆಟ್ಟು ತಿಳಿಯುವುದೇ ಇಲ್ಲ. ತೂಕ ಹೆಚ್ಚಿರುವವರು ನೂರಕ್ಕೆ 7ರಿಂದ 10ರಷ್ಟು ಇಳಿಸಿದರೆ ಯಕೃತ್ತಿನ ಕೊಬ್ಬು, ಊತ ಕಡಿಮೆಯಾಗುತ್ತವೆ. 80 ಕೆ.ಜಿ. ಇರುವವರಿಗೆ ಅದು ಸುಮಾರು 6ರಿಂದ 8 ಕೆ.ಜಿ.; ಅವಸರ ಬೇಡ, ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಿ.