ಪಾತ್ರಕ್ಕೆ ಕಾಫಿಯೋ, ಚಹಾನೋ?

ಕಥೆಯಲ್ಲಿ ಕನ್ನಡದವರು ಬಂದ ಕೂಡಲೇ ನಾವು ಅವರ ಕೈಗೆ ಫಿಲ್ಟರ್ ಕಾಫಿ ಕೊಟ್ಟುಬಿಡುತ್ತೇವೆ. ಆದರೆ ಎಲ್ಲರ ಮನೆಯಲ್ಲೂ ಫಿಲ್ಟರ್ ಇರಲ್ಲ. ಧಾರವಾಡದ ಹುಡುಗನಾದರೆ ಬೆಳಗ್ಗೆ ಕೇಳುವುದು ಬಹುಶಃ ಚಹಾ. ಮಲೆನಾಡಿನ ತೋಟದ ಮನೆಯ ಅಜ್ಜಿಗೆ ಬೆಲ್ಲದ ಕಾಫಿ. ಬೆಂಗಳೂರಿನ ದರ್ಶಿನಿಯಲ್ಲಿ ನಿಂತ ಇಬ್ಬರು ಗೆಳೆಯರಿಗೆ ಬೈ-ಟು.

ಹಾಗಾಗಿ ಬರೆಯುವ ಮೊದಲು 3 ಪ್ರಶ್ನೆ ಕೇಳಿಕೊಳ್ಳಿ: ಪಾತ್ರದ ಊರು ಯಾವುದು? ಜೇಬಿನಲ್ಲಿ ಎಷ್ಟಿದೆ? ಬೆಳಗ್ಗೆ ಎಷ್ಟು ಪುರುಸೊತ್ತಿದೆ? ಡಿಕಾಕ್ಷನ್ ಇಳಿಯೋಕೆ ಕಾಲು ಗಂಟೆಯಾದರೂ ಬೇಕು. 8 ಗಂಟೆಯ ಲ್ಯಾಬಿಗೆ 7:40ಕ್ಕೆ ಏಳುವವನಿಗೆ ಇನ್‌ಸ್ಟಂಟ್ ಪುಡಿಯೇ ಗತಿ. ರಾತ್ರಿಯೇ ಫಿಲ್ಟರಿಗೆ ಪುಡಿ, ಬಿಸಿನೀರು ಹಾಕಿಟ್ಟು ಮಲಗುವವನು ಬೇರೆ ಥರದ ಮನುಷ್ಯ.

ವಿವರ ನಿಜವಾಗಿದ್ದರಷ್ಟೇ ಸಾಲದು, ಕಥೆಗೂ ಉಪಯೋಗಕ್ಕೆ ಬರಬೇಕು. ಇದಕ್ಕೆ ಸುಲಭದ ದಾರಿ, ಒಂದು ಅಭ್ಯಾಸವನ್ನು ಮೊದಲು ತೋರಿಸಿ ಆಮೇಲೆ ತಪ್ಪಿಸುವುದು. ದಿನಾ 2 ಚಮಚ ಪುಡಿ ಹಾಕುತ್ತಿದ್ದ ವಿದ್ಯಾರ್ಥಿನಿ ಈಗ ಒಂದೇ ಹಾಕುತ್ತಾಳೆ ಅಂತಿಟ್ಟುಕೊಳ್ಳಿ. ಊರಿಂದ ತಂದ ಪೊಟ್ಟಣ ಮುಗಿಯುತ್ತಾ ಬಂದಿದೆ. ಅಮ್ಮ ಫೋನಿನಲ್ಲಿ "ಪುಡಿ ಕಳಿಸ್ಲಾ?" ಅಂದರೆ, "ಬೇಡಮ್ಮ, ಇನ್ನೂ ತುಂಬಾ ಇದೆ" ಅನ್ನುತ್ತಾಳೆ. ಪಾರ್ಸೆಲ್‌ಗೆ ಎಷ್ಟಾಗುತ್ತೆ ಅಂತ ಅವಳಿಗೆ ಗೊತ್ತು. ಮನೆ ನೆನಪು, ದುಡ್ಡಿನ ಕಷ್ಟ ಎರಡನ್ನೂ ನೀವು ಬೇರೆಯಾಗಿ ಹೇಳಬೇಕಾಗಿಲ್ಲ.

ಈಗ ನಿಮ್ಮ ಕಥೆಯೊಂದನ್ನು ತೆಗೆದು, ಕಾಫಿಯ ಸಾಲು ಅಳಿಸಿ ಓದಿ ನೋಡಿ. ಏನೂ ಕಡಿಮೆ ಅನ್ನಿಸದಿದ್ದರೆ ಆ ಸಾಲು ಬೇಡ. ಬೇರೆ ವಿವರ ಹುಡುಕಿ.